ಉಣ್ಣುವವರ ಮುಖ ನೋಡಿ ಬಡಿಸಿ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಕೇಳಿದ್ದೆ. ಪ್ರೀತಿ ಇದೆ, ಆದರೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ ಅನ್ನುವವರು ಏನು ಮಾಡುತ್ತೀರಿ ಅಂತ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಡುಗೆಮನೆಯಿಂದಲೇ ಎದ್ದು ಬಂದಿವೆ. ಒಂದೆರಡನ್ನು ಓದುವಾಗ ಗಂಟಲು ಕಟ್ಟಿತು. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಆರು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 58 ವರ್ಷ. ಮದುವೆಯಾದ ದಿನದಿಂದ ಹೆಂಡತಿ ಮಾಡಿ ಹಾಕಿದ್ದನ್ನು ಉಂಡವನು. ಈಗ ಅವಳಿಗೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ನಾನೇ ಅಡುಗೆ ಕಲಿತು, ಅವಳಿಗೆ ಇಷ್ಟವಾದದ್ದನ್ನೇ ನೆನಪು ಮಾಡಿಕೊಂಡು ಮಾಡುತ್ತೇನೆ. ಒಂದು ತುತ್ತು ಬಾಯಿಗಿಟ್ಟು "ಕಬ್ಬಿಣ ನೆಕ್ಕಿದ ಹಾಗಿದೆ" ಅಂತ ತಟ್ಟೆ ಸರಿಸುತ್ತಾಳೆ. ನನ್ನ ಕೈಯಲ್ಲಿ ರುಚಿ ಇಲ್ಲವೇ?

ಉತ್ತರ: ಅಣ್ಣಾ, ಮೊದಲು ಇದನ್ನು ಹೇಳಿಬಿಡುತ್ತೇನೆ. ತಪ್ಪು ನಿಮ್ಮ ಕೈಯದ್ದಲ್ಲ, ಅವರ ನಾಲಿಗೆ ಈಗ ಅವರ ಮಾತು ಕೇಳುತ್ತಿಲ್ಲ ಅಷ್ಟೇ. ಕೀಮೋ ಔಷಧಿ ಬೇಗ ಬೇಗ ಹುಟ್ಟಿ ಬೆಳೆಯುವ ಜೀವಕೋಶಗಳ ಮೇಲೆ ಬೀಳುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುವಂಥವು. ನಾಲಿಗೆಯ ರುಚಿಮೊಗ್ಗಿನ ಕೋಶಗಳೂ ಹಾಗೆಯೇ, ಒಂದೆರಡು ವಾರಕ್ಕೆ ಹಳೆಯವು ಹೋಗಿ ಹೊಸವು ಬರುತ್ತವೆ. ಹಾಗಾಗಿ ಔಷಧಿಯ ಪೆಟ್ಟು ಅವಕ್ಕೂ ಬೀಳುತ್ತದೆ. ಬಾಯಲ್ಲಿ ಲೋಹದ ರುಚಿ, ಉಪ್ಪು ಹಾಕಿದರೂ ಸಪ್ಪೆ, ಸಿಹಿ ತಿಂದರೂ ಕಹಿ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದು ಕೆಲವು ವಾರಕ್ಕೋ ತಿಂಗಳಿಗೋ ರುಚಿ ವಾಪಸ್ ಬರುತ್ತದೆ.

ಅಲ್ಲಿಯವರೆಗೆ ಮಾಡಬಹುದಾದದ್ದು ತುಂಬಾ ಇದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಎರಡನ್ನೂ ಬದಿಗಿಡಿ. ಮರದ್ದೋ ಪ್ಲಾಸ್ಟಿಕ್ಕಿನದ್ದೋ ಚಮಚ ಕೊಡಿ, ಪಿಂಗಾಣಿ ಬಟ್ಟಲಲ್ಲಿ ಹಾಕಿಕೊಡಿ. ಬಿಸಿಬಿಸಿಯಾಗಿ ಉಣ್ಣಲಿ ಅಂತ ನಿಮಗೆ ಆಸೆ ಇರುತ್ತದೆ, ಆದರೆ ಹಬೆಯ ಜೊತೆ ವಾಸನೆಯೂ ಜಾಸ್ತಿ ಏಳುತ್ತದೆ, ಆ ವಾಸನೆಗೇ ಅವರಿಗೆ ಹೊಟ್ಟೆ ತೊಳೆಸಬಹುದು. ಚೆನ್ನಾಗಿ ಬೇಯಿಸಿ, ಆಗಷ್ಟೇ ಆರಿದ್ದನ್ನು ಕೊಟ್ಟು ನೋಡಿ. ಹುರಿಯುವುದು ಕರಿಯುವುದು ಇದ್ದರೆ ಅವರು ಮಲಗಿದ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿ. ಮೂರು ಹೊತ್ತಿನ ಲೆಕ್ಕ ಬಿಟ್ಟು 5-6 ಸಲ ಚೂರುಚೂರು ಕೊಡಿ. ತಿನ್ನುವ ಮೊದಲು ಬಾಯಿ ಮುಕ್ಕಳಿಸಲಿ. ಬಾಯಲ್ಲಿ ಹುಣ್ಣಿಲ್ಲದಿದ್ದರೆ ನಾಲ್ಕು ಹನಿ ನಿಂಬೆರಸ ಹಿಂಡಿ, ಆ ಲೋಹದ ರುಚಿ ಸ್ವಲ್ಪ ತಗ್ಗುತ್ತದೆ. ಕೀಮೋದಿಂದ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಕಡಿಮೆಯಾಗುವ ದಿನಗಳಲ್ಲಿ ಹಸಿ ಮೊಟ್ಟೆ, ಅರ್ಧ ಬೆಂದ ಮಾಂಸ, ಸರಿಯಾಗಿ ತೊಳೆಯದ ಹಸಿ ತರಕಾರಿ ಬೇಡವೇ ಬೇಡ. ಇದರ ಬಗ್ಗೆ ಅವರನ್ನು ನೋಡುವ ಡಾಕ್ಟರನ್ನೂ ಆಹಾರ ತಜ್ಞರನ್ನೂ ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಮುಖ್ಯವಾದ ಮಾತಿದೆ, ಇದು ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ಕೀಮೋ ಕೊಡುವ ದಿನ ಅವರಿಗೆ ತುಂಬಾ ಇಷ್ಟವಾದದ್ದನ್ನು ಮಾಡಬೇಡಿ. 1978ರಲ್ಲಿ ಇಲೀನ್ ಬರ್ನ್‌ಸ್ಟೈನ್ ಅನ್ನುವ ವಿಜ್ಞಾನಿ, ಕೀಮೋಗೆ ಹೋಗುವ ಮಕ್ಕಳಿಗೆ ಚಿಕಿತ್ಸೆಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು ನೋಡಿದರು. ಆಮೇಲೆ ಆ ಮಕ್ಕಳಿಗೆ ಅದೇ ಐಸ್‌ಕ್ರೀಮ್ ಬೇಡವಾಯಿತು. ವಾಂತಿ ಬರಿಸಿದ್ದು ಔಷಧಿ ಅಂತ ತಲೆಗೆ ಗೊತ್ತಿದ್ದರೂ ಹೊಟ್ಟೆ ಮಾತ್ರ ಕೊನೆಗೆ ತಿಂದ ತಿಂಡಿಯ ಮೇಲೇ ತಪ್ಪು ಹೊರಿಸಿಬಿಡುತ್ತದೆ. ಅವರ ಇಷ್ಟದ ಅಡುಗೆಗಳನ್ನು ಈಗ ಜೋಪಾನ ಮಾಡಿಡಿ. ಗುಣವಾದ ಮೇಲೆ ಬೇಕಲ್ಲ.

ಕೊನೆಗೆ ಒಂದು. ಅರ್ಧ ಬಟ್ಟಲು ಗಂಜಿ ತಂದು ಮಂಚದ ಪಕ್ಕ ಇಡಿ. ನಿಮ್ಮ ಊಟವನ್ನೂ ಅಲ್ಲಿಗೇ ತಂದು ಕೂತುಕೊಳ್ಳಿ. "ತಿನ್ನು, ತಿನ್ನು" ಅನ್ನಬೇಡಿ, ಎಷ್ಟು ತಿಂದರು ಅಂತ ಬಗ್ಗಿ ನೋಡಬೇಡಿ. ಬೇರೆ ಏನಾದರೂ ಮಾತಾಡಿ. ನಾಲ್ಕು ಚಮಚ ಒಳಗೆ ಹೋದರೆ ಆ ಹೊತ್ತಿಗೆ ಅದೇ ಊಟ. ತಟ್ಟೆ ಸರಿಸಿದರೆ ಸುಮ್ನೆ ಎತ್ತಿಟ್ಟು ಎರಡು ಗಂಟೆ ಬಿಟ್ಟು ಹೊಸದಾಗಿ ಏನಾದರೂ ತನ್ನಿ. ನೀವು ಬೇಜಾರಾದದ್ದು ಮುಖದಲ್ಲಿ ಕಂಡರೆ, ನಿಮಗೋಸ್ಕರ ಕಷ್ಟಪಟ್ಟು ನುಂಗುತ್ತಾರೆ. ಅಷ್ಟು ಭಾರ ಅವರ ಮೇಲೆ ಬೇಡ.

ಪ್ರಶ್ನೆ: ಅಮ್ಮ ತೀರಿಕೊಂಡು ಎರಡು ವರ್ಷ ಆಯಿತು. ಅವರು ಅಡುಗೆ ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇದೆ. ಅದರಲ್ಲಿದ್ದ ಹಾಗೇ ಅಕ್ಷರ ತಪ್ಪದೆ ಮಾಡುತ್ತೇನೆ, ಆದರೂ ಅವರ ರುಚಿ ಬರುವುದಿಲ್ಲ. ತಮ್ಮ ಬಂದಾಗ ಒಂದು ಸಲವಾದರೂ ಅಮ್ಮನ ಅಡುಗೆ ಬಡಿಸಬೇಕು ಅಂತ ಆಸೆ.

ಉತ್ತರ: ನಿಮ್ಮ ನೋಟ್‌ಬುಕ್ಕಿನಲ್ಲಿ ಏನಿರುತ್ತದೆ ಅಂತ ನಾನು ನೋಡದೆಯೇ ಹೇಳಬಲ್ಲೆ. ಒಂದು ಹಿಡಿ, ಎರಡು ಚಿಟಿಕೆ, ರುಚಿಗೆ ತಕ್ಕಷ್ಟು, ಹದ ನೋಡಿ ಇಳಿಸುವುದು. ಅಲ್ವಾ? ಹಿಡಿ ಅಂದರೆ ಅವರ ಹಿಡಿ. ಅಮ್ಮನ ಕೈ ನಿಮ್ಮ ಕೈಗಿಂತ ಚಿಕ್ಕದಿತ್ತೋ ದೊಡ್ಡದಿತ್ತೋ ನೆನಪು ಮಾಡಿಕೊಳ್ಳಿ. ಅವರು ಬಳಸುತ್ತಿದ್ದ ಚಮಚ, ಲೋಟ ಇನ್ನೂ ಮನೆಯಲ್ಲಿದ್ದರೆ ಅದರಲ್ಲೇ ಅಳೆಯಿರಿ. ಅಂಗಡಿಯಲ್ಲಿ ಸಿಗುವ ಅಳತೆ ಚಮಚದಲ್ಲಿ ಅವರ ಅಡುಗೆ ಬರುವುದು ಕಷ್ಟ.

ಇನ್ನು, ಬರೆದವರಿಗೆ ಗೊತ್ತೇ ಇದ್ದದ್ದನ್ನು ಅವರು ಬರೆಯುವುದಿಲ್ಲ. ಇದನ್ನು ನಾನು ಕಲಿತದ್ದು ಒಂದು ಸೌಟಿನಿಂದ. ನನ್ನ ಅಮ್ಮನ ಮರದ ಸೌಟು ನನ್ನ ಹತ್ತಿರ ಇದೆ. ಅದರ ಬಾಯಿ ಗುಂಡಗಿಲ್ಲ. ಎಡಗಡೆ ಅಂಚು ಸವೆದು ಹೋಗಿ ಚಪ್ಪಟೆಯಾಗಿದೆ, ಯಾರೋ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ. ಎಷ್ಟೋ ವರ್ಷ ಅದನ್ನು ಬಳಸಿದೆ, ಯಾಕೆ ಹೀಗಿದೆ ಅಂತ ಯೋಚಿಸಿಯೇ ಇರಲಿಲ್ಲ. ಒಂದು ದಿನ ಪಾತ್ರೆಯ ತಳಕ್ಕೆ ಈರುಳ್ಳಿ ಹಿಡಿಯಿತು, ನೀರು ಚಿಮುಕಿಸಿ ಆ ಸೌಟಿನಲ್ಲಿ ಕೆರೆದೆ, ಸವೆದ ಅಂಚು ಪಾತ್ರೆಯ ತಳಕ್ಕೆ ಸರಿಯಾಗಿ ಕೂತಿತು. ಆಗ ಗೊತ್ತಾಯಿತು. ಅಮ್ಮ ದಿನಾ ಹಾಗೇ ಮಾಡುತ್ತಿದ್ದರು. ತಳಕ್ಕೆ ಹಿಡಿಯಲು ಬಿಟ್ಟು, ಕೆರೆದು, ಆ ಕಂದು ಬಣ್ಣವನ್ನೆಲ್ಲ ಅಡುಗೆಗೇ ಸೇರಿಸುತ್ತಿದ್ದರು. ಅವರ ಪುಸ್ತಕದಲ್ಲಿ ಇದ್ದದ್ದು "ಈರುಳ್ಳಿ ಬಾಡಿಸಿ" ಅಂತ ಮಾತ್ರ.

ಆ ಕಂದು ಬಣ್ಣದಲ್ಲೇ ರುಚಿ ಕೂತಿರುವುದು. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಅನ್ನುವವರು ಇದನ್ನು ಮೊದಲು ವಿವರಿಸಿದರು. ಸಕ್ಕರೆ ಅಂಶ ಮತ್ತು ಪ್ರೋಟೀನಿನ ತುಣುಕುಗಳು ಬಿಸಿಯಲ್ಲಿ ಸೇರಿಕೊಂಡು ಹೊಸ ಬಣ್ಣ, ಹೊಸ ಪರಿಮಳ ಹುಟ್ಟುತ್ತದೆ. ಸುಮಾರು 140 ಡಿಗ್ರಿ ದಾಟಿದರೆ ಇದು ಜೋರಾಗಿ ನಡೆಯುತ್ತದೆ. ನೀರು 100 ಡಿಗ್ರಿಗೇ ಕುದಿಯುವುದರಿಂದ, ಪಾತ್ರೆಯಲ್ಲಿ ನೀರಿನಂಶ ಇರುವವರೆಗೆ ಈರುಳ್ಳಿ ಮೆತ್ತಗಾಗುತ್ತದೆ, ಕೆಂಪಗಾಗುವುದಿಲ್ಲ. ಸಣ್ಣ ಉರಿಯಲ್ಲಿ ಸರಿಯಾಗಿ ಕೆಂಪಗಾಗಲು ಅರ್ಧ ಗಂಟೆ ಮುಕ್ಕಾಲು ಗಂಟೆ ಬೇಕು. ನಾವು ಐದು ನಿಮಿಷಕ್ಕೆ ಮುಂದಿನ ಸಾಮಾನು ಹಾಕಿಬಿಡುತ್ತೇವೆ. ನಿಮ್ಮ ಅಮ್ಮ ಒಲೆ ಮುಂದೆ ಎಷ್ಟು ಹೊತ್ತು ನಿಲ್ಲುತ್ತಿದ್ದರು? ಮುಚ್ಚಳ ಹಾಕುತ್ತಿದ್ದರಾ, ತೆಗೆದೇ ಇಡುತ್ತಿದ್ದರಾ? ಉಪ್ಪು ಮೊದಲೇ ಹಾಕುತ್ತಿದ್ದರಾ, ಕೊನೆಗಾ? ತಮ್ಮನನ್ನೂ ಕೇಳಿ. ಚಿಕ್ಕವನು ಅಡುಗೆಮನೆಯಲ್ಲೇ ಓಡಾಡಿಕೊಂಡಿದ್ದರೆ ನಿಮಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆ.

ವಾಸನೆಯ ನರಗಳು ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಜಾಗಗಳಿಗೆ ತುಂಬಾ ಹತ್ತಿರದ ದಾರಿಯಲ್ಲಿ ಹೋಗಿ ಸೇರುತ್ತವೆ. ಕಣ್ಣು, ಕಿವಿಗೆ ಅಷ್ಟು ನೇರ ದಾರಿ ಇಲ್ಲ. ಹಾಗಾಗಿ ಒಂದು ದಿನ ಒಗ್ಗಿದ ಪರಿಮಳ ಎದ್ದಾಗ ನಿಮಗೆ ಇದ್ದಕ್ಕಿದ್ದ ಹಾಗೆ ಅಳು ಬರಬಹುದು. ಒಲೆ ಸಣ್ಣ ಮಾಡಿ, ಅತ್ತುಬಿಡಿ. ಆ ದಿನದ ಅಡುಗೆಯ ಅಳತೆಯನ್ನು ಮಾತ್ರ ಮರೆಯದೆ ಬರೆದಿಡಿ.

ಪ್ರಶ್ನೆ: ಒಬ್ಬಂಟಿ. ಅನ್ನ, ಮೊಟ್ಟೆ ಬಿಟ್ಟರೆ ಏನೂ ಬರುವುದಿಲ್ಲ. ಗೆಳೆಯರು ನನ್ನನ್ನು ಎಷ್ಟೋ ಸಲ ಊಟಕ್ಕೆ ಕರೆದಿದ್ದಾರೆ, ನಾನು ಕರೆಯಲು ನಾಚಿಕೆ.

ಉತ್ತರ: ಅನ್ನ, ಮೊಟ್ಟೆಗೇ ಕರೆಯಿರಿ. ಅವರು ಬರುವುದು ನಿಮ್ಮ ಜೊತೆ ಕೂತು ಉಣ್ಣಲು. 2025ರ ವಿಶ್ವ ಸಂತೋಷ ವರದಿಯಲ್ಲಿ ಜೊತೆಯಾಗಿ ಉಣ್ಣುವುದರ ಬಗ್ಗೆಯೇ ಒಂದು ಅಧ್ಯಾಯ ಇದೆ, ಹೆಚ್ಚು ಸಲ ಬೇರೆಯವರ ಜೊತೆ ಉಣ್ಣುವವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇರುವುದು ಅದರಲ್ಲಿ ಕಂಡಿದೆ. ಅಲ್ಲಿ ಎಣಿಸಿದ್ದು ಎಷ್ಟು ಊಟ ಜೊತೆಗೆ ಅಂತ ಮಾತ್ರ, ಎಷ್ಟು ಬಗೆ ಬಡಿಸಿದರು ಅಂತಲ್ಲ. ಒಬ್ಬ ಗೆಳೆಯನಿಂದ ಶುರು ಮಾಡಿ. ಅವನಿಗೆ ಈರುಳ್ಳಿ ಹೆಚ್ಚಲು ಕೊಡಿ.

ಪ್ರಶ್ನೆ: ಪಕ್ಕದ ಮನೆಯಲ್ಲಿ ಸಾವಾಗಿದೆ. ಚಿಕ್ಕ ಮಕ್ಕಳ ತಾಯಿ, ಗಂಡ ಹೋಗಿಬಿಟ್ಟರು. "ಏನಾದರೂ ಬೇಕಾದರೆ ಹೇಳಿ" ಅಂದೆ, ಅವರು ಏನೂ ಹೇಳುವುದಿಲ್ಲ. ಅಡುಗೆ ಮಾಡಿ ಕೊಡಬಹುದಾ? ಬೇಜಾರು ಮಾಡಿಕೊಂಡರೆ?

ಉತ್ತರ: ಕೊಡಿ. ಏನು ಬೇಕು ಅಂತ ಹೇಳುವುದಕ್ಕೂ ಶಕ್ತಿ ಬೇಕು, ಅವರ ಹತ್ತಿರ ಈಗ ಅದು ಇಲ್ಲ. "ನಾಳೆ ಸಂಜೆ ಆರಕ್ಕೆ ಊಟ ತಂದು ಬಾಗಿಲಲ್ಲಿ ಇಡುತ್ತೇನೆ" ಅಂತ ಒಂದು ಮೆಸೇಜ್ ಹಾಕಿ. ಮಕ್ಕಳಿಗೆ ಯಾವುದಾದರೂ ಅಲರ್ಜಿ ಇದೆಯಾ, ಅದೊಂದನ್ನು ಮಾತ್ರ ಕೇಳಿ. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಎಳ್ಳು ಇವೆಲ್ಲ ಕೆಲವರಿಗೆ ಜೀವಕ್ಕೇ ಅಪಾಯ, ಪ್ರೀತಿಯಿಂದ ಕೊಟ್ಟರೂ ಅಪಾಯವೇ.

ವಾಪಸ್ ಕೊಡಬೇಕಾಗದ ಡಬ್ಬದಲ್ಲಿ ಕೊಡಿ. ಯಾವ ಪಾತ್ರೆ ಯಾರದ್ದು ಅಂತ ತೊಳೆದು ಹಂಚುವ ಕೆಲಸ ಆ ಮನೆಗೆ ಬೇಡ. ಒಂದು ಚೀಟಿ ಅಂಟಿಸಿ, ಏನಿದೆ, ಯಾವತ್ತು ಮಾಡಿದ್ದು, ಹೇಗೆ ಬಿಸಿ ಮಾಡಬೇಕು ಅಂತ ಬರೆಯಿರಿ. ಖಾರ ಕಡಿಮೆ ಇರಲಿ, ಮಕ್ಕಳೂ ತಿನ್ನಬೇಕು. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಕೂರಬಾರದು, ಅಷ್ಟರೊಳಗೆ ಫ್ರಿಜ್ ಸೇರಬೇಕು, ಅಗಲವಾದ ತಗ್ಗು ಡಬ್ಬದಲ್ಲಿ ಹಾಕಿದರೆ ಬೇಗ ತಣ್ಣಗಾಗುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಜಾಗ್ರತೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಇನ್ನೊಂದು ಮಾತು. ಮೊದಲ ವಾರ ಎಲ್ಲರೂ ತಂದು ಕೊಡುತ್ತಾರೆ, ಫ್ರಿಜ್ ತುಂಬಿರುತ್ತದೆ. ನೀವು ಆರನೇ ವಾರ ಮರೆಯದೆ ಹೋಗಿ. ನೆಂಟರೆಲ್ಲ ಊರಿಗೆ ಹೋಗಿರುತ್ತಾರೆ, ಸಂಜೆ ಹೊತ್ತು ಮಕ್ಕಳು "ಇವತ್ತು ಏನು ಊಟ" ಅಂತ ಕೇಳುತ್ತಿರುತ್ತಾರೆ, ಆ ತಾಯಿಗೆ ಒಲೆ ಹಚ್ಚಲು ಕೈ ಬರುವುದಿಲ್ಲ. ಆಗ ನಿಮ್ಮ ಡಬ್ಬಕ್ಕೆ ಬೆಲೆ ಜಾಸ್ತಿ. ಒಳಗೆ ಕರೆದರೆ ಹೋಗಿ ಕೂತುಕೊಳ್ಳಿ, ಕರೆಯದಿದ್ದರೆ ಬಾಗಿಲಲ್ಲಿಟ್ಟು ಬನ್ನಿ.

ಪ್ರಶ್ನೆ: ಮೊಮ್ಮಗನಿಗೆ ಎರಡು ವರ್ಷ. ನಾನು ಅಕ್ಕರೆಯಿಂದ ಮಾಡಿದ್ದನ್ನು ಉಗಿಯುತ್ತಾನೆ. ಹಿಡಿದು ತಿನ್ನಿಸಿದರೆ ಸೊಸೆಗೆ ಕೋಪ. ಮಗು ಹಸಿದುಕೊಂಡು ಮಲಗಿದರೆ ನನಗೆ ಹೇಗೆ ನಿದ್ದೆ ಬರಬೇಕು?

ಉತ್ತರ: ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ನಿಮ್ಮ ಸೊಸೆಯ ಪಕ್ಷ. ಮೊದಲ ವರ್ಷ ಮಗು ಬೆಳೆದ ವೇಗ ಎರಡನೇ ವರ್ಷದಲ್ಲಿ ಇರುವುದಿಲ್ಲ, ಅದಕ್ಕೆ ತಕ್ಕ ಹಾಗೆ ಹಸಿವೂ ಇಳಿಯುತ್ತದೆ. ಒಂದು ಹೊತ್ತು ಹಿಡಿಯಷ್ಟು ತಿಂದು ಇನ್ನೊಂದು ಹೊತ್ತು ಚೆನ್ನಾಗಿ ತಿನ್ನುವುದು ಈ ವಯಸ್ಸಿನಲ್ಲಿ ಸಹಜ. ಅವನು ಆಟವಾಡಿಕೊಂಡು, ತೂಕ ಸರಿಯಾಗಿ ಏರುತ್ತಿದ್ದರೆ ಗಾಬರಿ ಬೇಡ, ತೂಕ ನಿಂತಿದ್ದರೆ ಡಾಕ್ಟರಿಗೆ ತೋರಿಸಿ.

ಹೊಸ ರುಚಿ ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಸುವುದಿಲ್ಲ. 8 ರಿಂದ 15 ಸಲ ಕಣ್ಣಿಗೆ ಬಿದ್ದು, ಬಾಯಿಗೆ ತಾಗಿ, ಆಮೇಲೆ ಒಪ್ಪುವುದುಂಟು. ನಾವು ಮೂರು ಸಲಕ್ಕೇ "ಇವನಿಗೆ ಇದು ಸೇರುವುದಿಲ್ಲ" ಅಂತ ಬಿಟ್ಟುಬಿಡುತ್ತೇವೆ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಒಂದು ಒಳ್ಳೆಯ ಪಾಲು ಮಾಡಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಕೊಡಬೇಕು ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ನೀವು ಮಾಡಿ ತಟ್ಟೆಗೆ ಒಂದು ಚಮಚ ಹಾಕಿಡಿ, ನೀವೂ ಅವನ ಎದುರು ಕೂತು ಅದನ್ನೇ ತಿನ್ನಿ. ಅವನು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತಾನೆ. ಒಂದು ದಿನ ನಿಮ್ಮ ತಟ್ಟೆಗೇ ಕೈ ಹಾಕುತ್ತಾನೆ ನೋಡಿ. ದ್ರಾಕ್ಷಿ ಕೊಡುವಾಗ ಉದ್ದಕ್ಕೆ ಸೀಳಿ ಕೊಡಿ, ಗೋಡಂಬಿ, ಕಡಲೆಬೀಜದಂಥ ಇಡೀ ಬೀಜಗಳನ್ನು ಈ ವಯಸ್ಸಿಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: 22 ವರ್ಷದಿಂದ ಈ ಮನೆಗೆ ಅಡುಗೆ ಮಾಡುತ್ತಿದ್ದೇನೆ. ಗಂಡನಿಗೆ ಖಾರ ಆಗಲ್ಲ, ಮಗಳು ಬೆಳ್ಳುಳ್ಳಿ ಮುಟ್ಟಲ್ಲ, ಮಗನಿಗೆ ದಿನಾ ಮೊಟ್ಟೆ ಬೇಕು, ಅತ್ತೆಗೆ ಹಲ್ಲಿಲ್ಲ, ಎಲ್ಲ ಮೆತ್ತಗೆ ಬೇಯಿಸಬೇಕು. ಎಲ್ಲರದ್ದೂ ನೋಡಿಕೊಂಡು ಮಾಡುತ್ತೇನೆ. ಉಪ್ಪು ಹೆಚ್ಚಾದ ದಿನ ಮಾತ್ರ ಯಾರಾದರೂ ಬಾಯಿ ಬಿಡುತ್ತಾರೆ. ಪ್ರೀತಿಯಿಂದ ಮಾಡುತ್ತಿದ್ದವಳು ನಾನು, ಈಗೀಗ ಸೌಟು ಹಿಡಿದರೆ ಅಳು ಬರುತ್ತದೆ. ನಾನು ಸ್ವಾರ್ಥಿ ಆಗಿದ್ದೇನಾ?

ಉತ್ತರ: ಇಲ್ಲ ತಂಗೀ. ದಣಿದಿದ್ದೀರಿ. 22 ವರ್ಷ ಅಂದರೆ, ದಿನಕ್ಕೆ ಎರಡೇ ಹೊತ್ತು ಅಂತ ಹಿಡಿದರೂ 16,000 ಸಲಕ್ಕೂ ಹೆಚ್ಚು ಒಲೆ ಮುಂದೆ ನಿಂತಿದ್ದೀರಿ. ಅಷ್ಟು ಸಲ ಕೊಟ್ಟು, ಒಂದು ಸಲವೂ "ಚೆನ್ನಾಗಿದೆ" ಅಂತ ಕೇಳದಿದ್ದರೆ ಯಾರಿಗೇ ಆದರೂ ಅಳು ಬರುತ್ತದೆ. ಅಡುಗೆ ಮಾಡುವವರು ಏನನ್ನೂ ಬಯಸಬಾರದು ಅಂತ ಹೇಳುವ ಮಾತಿನಲ್ಲಿ ನನಗೆ ನಂಬಿಕೆ ಇಲ್ಲ.

ಮನೆಯವರು ಕೆಟ್ಟವರು ಅಂತಲೂ ನಾನು ಹೇಳುವುದಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ತಟ್ಟೆ ಎದುರಿಗೆ ಬಂದರೆ ಅದರ ಹಿಂದೆ ಒಬ್ಬರು ನಿಂತಿದ್ದಾರೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನೀವು ಹೇಳಬೇಕು. ಊಟದ ಹೊತ್ತಿನಲ್ಲಿ ಬೇಡ, ಕೋಪ ಬಂದಾಗಲೂ ಬೇಡ. ಬೇರೆ ಯಾವಾಗಲಾದರೂ, ಎಲ್ಲರೂ ಕೂತಿದ್ದಾಗ, ನನಗೆ ಬರೆದದ್ದನ್ನೇ ಎರಡು ಮಾತಲ್ಲಿ ಹೇಳಿ. "ಯಾರೂ ಚೆನ್ನಾಗಿದೆ ಅನ್ನುವುದಿಲ್ಲ, ನನಗೆ ನೋವಾಗುತ್ತದೆ" ಅಂತ. ಅಷ್ಟೇ ಸಾಕು, ಹಳೆಯದೆಲ್ಲ ಎತ್ತಬೇಡಿ.

ಆಮೇಲೆ ವಾರಕ್ಕೆ ಎರಡು ಹೊತ್ತು ಅಡುಗೆಮನೆ ಬಿಟ್ಟುಕೊಡಿ. ಗಂಡ ಒಂದು ಹೊತ್ತು, ಮಕ್ಕಳು ಒಂದು ಹೊತ್ತು. ಅನ್ನ ತಳ ಹಿಡಿಯಲಿ, ಉಪ್ಪು ಮರೆಯಲಿ, ನೀವು ಒಳಗೆ ಹೋಗಬೇಡಿ. ಇದು ನಿಮಗೆ ತುಂಬಾ ಕಷ್ಟ ಅಂತ ಗೊತ್ತು. ಆದರೆ ಅತ್ತೆಗೆ ಬೇರೆ ಮೆತ್ತಗೆ ಬೇಯಿಸಿ, ಮಗಳಿಗೆ ಬೆಳ್ಳುಳ್ಳಿ ಇಲ್ಲದ್ದು ಎತ್ತಿಟ್ಟು, ಗಂಡನಿಗೆ ಖಾರ ಕಡಿಮೆ ಮಾಡಿ, ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಒಂದು ಊಟ ಮುಗಿಸಿದ ದಿನ ನಿಮ್ಮ ಮಗನಿಗೆ, ನೀವು 22 ವರ್ಷ ಏನು ಮಾಡುತ್ತಿದ್ದಿರಿ ಅನ್ನುವುದು ಗೊತ್ತಾಗುತ್ತದೆ. ಬಾಯಲ್ಲಿ ಹೇಳಿ ತಿಳಿಸುವುದಕ್ಕಿಂತ ಬೇಗ ಗೊತ್ತಾಗುತ್ತದೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಗಂಡನಿಗೆ ಏನು, ಮಗಳಿಗೆ ಏನು, ಮಗನಿಗೆ ಏನು, ಅತ್ತೆಗೆ ಏನು, ಎಲ್ಲ ಇದೆ. ನಿಮಗೆ ಏನು ಇಷ್ಟ ಅನ್ನುವುದು ಎಲ್ಲೂ ಇಲ್ಲ. ಈ ವಾರ ಒಂದು ದಿನ ಅದನ್ನು ಮಾಡಿಕೊಳ್ಳಿ, ನಿಮಗೆ ಬೇಕಾದಷ್ಟು ಖಾರ, ನಿಮಗೆ ಬೇಕಾದಷ್ಟು ಬೆಳ್ಳುಳ್ಳಿ ಹಾಕಿ, ಎಲ್ಲರಿಗಿಂತ ಮೊದಲು ನೀವು ಬಡಿಸಿಕೊಂಡು ಕೂತು ಉಣ್ಣಿ. ಅದು ಏನು ಅಂತ ನನಗೂ ಬರೆದು ಕಳಿಸಿ.